ಕೆಡದ ಬೀಗ

ಮಾರ್ಚ್ ೯, ಭಾನುವಾರ

ಆ ಬಾಗಿಲು ಬಡಿದ ಸದ್ದು ಕಿವಿ ಬಿಟ್ಟು ಹೋಗುತ್ತಿಲ್ಲ.

ಚರ್ಚಿನಲ್ಲಿ ರಾಜಕೀಯ ಬೇಡವೆಂದು ಸಭಾಂಗಣಕ್ಕೆ ಒಳಗಿನಿಂದ ನಾನೇ ಮಾಡಿದ ಬೀಗ ಹಾಕಿ ಕೂತಿದ್ದೆ. ನಮ್ಮ ಹುಡುಗರು, ಜೊತೆಗೆ ನನ್ನ ಮೊಮ್ಮಗಳು, ಓಣಿಯವರನ್ನೆಲ್ಲ ಸೇರಿಸಿಕೊಂಡು ಹೊರಗೆ ಮೆಟ್ಟಿಲ ಮೇಲೆಯೇ ಚುನಾವಣೆಯ ಸಭೆ ನಡೆಸಿದರು. ಎದುರು ಪಕ್ಷದ ಪುಂಡರು ದೊಣ್ಣೆ ಹಿಡಿದು ನುಗ್ಗಿದರು.

"ತಾತ, ಬಾಗಿಲು ತೆಗಿ, ಸಾಯಿಸ್ತಿದಾರೆ," ಎಂದು ಮೊಮ್ಮಗಳು ಬಾಗಿಲು ಬಡಿದು ಕೂಗಿದಳು.

"ಬಾಗಿಲು ತೆಗೆಸೋ ನಿನ್ನ ನಾಟಕ ನನ್ನ ಹತ್ರ ನಡೆಯಲ್ಲ, ಮನೆಗೆ ಹೋಗು," ಎಂದೆ.

ಮೂಳೆ ಮುರಿದ ಸದ್ದಿಗೆ ತೆರೆದೆ. ಅವಳ ಮೊಣಕೈ ಹಿಂದಕ್ಕೆ ತಿರುಗಿತ್ತು. ಹೊಡೆದವನ ಹಲ್ಲನ್ನು ಕಬ್ಬಿಣದ ಸರಳಿನಿಂದ ಉದುರಿಸಿದೆ. ಏನು ಬಂತು?

ಆಸ್ಪತ್ರೆಯಲ್ಲಿ ಪಾದ್ರಿ, "ಬಾಗಿಲು ಯಾಕೆ ತೆಗೀಲಿಲ್ಲ?" ಎಂದರು. ನಾನು ಬಾಯಿ ಬಿಡುವ ಮೊದಲೇ ಅವಳು, "ಬೀಗ ಕೆಟ್ಟಿತ್ತು, ಫಾದರ್," ಎಂದಳು.

ನಲವತ್ತು ವರ್ಷ ಬೀಗ ಮಾಡಿ ಬದುಕಿದವನು ನಾನು. ನನ್ನ ಕೈಯ ಬೀಗ ಒಂದೂ ಕೆಟ್ಟಿಲ್ಲ.