ಒದ್ದೆ ಗೋಡೆ ಮತ್ತು ನನ್ನ ಸೊಸೆ

ಮನೆಯಿಂದ,
ಮಾರ್ಚ್ ೧೪, ಗುರುವಾರ

ಮುದ್ದು ಮಗನಿಗೆ ಅಮ್ಮನ ಆಶೀರ್ವಾದಗಳು.

ಹಡಗಿನ ಎಂಜಿನ್ ಸದ್ದಿಗೆ ಬಂದಿದ್ದ ಕಿವಿನೋವು ಹೇಗಿದೆ? ಹತ್ತಿ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ನಿಮ್ಮಪ್ಪನ ಹಾಗೆ ತಲೆಯಾಡಿಸಿ ಸುಮ್ಮನಾಗುತ್ತೀಯೋ? ನಾವು ಕ್ಷೇಮ. ಪುಟ್ಟಿಯ ಕೆಮ್ಮು ಮಾತ್ರ ಪೂರ್ತಿ ನಿಂತಿಲ್ಲ. ಹಿಂದಿನ ಕೋಣೆಯ ಗೋಡೆ ಇನ್ನಷ್ಟು ಒದ್ದೆಯಾಗಿ, ಬೂಷ್ಟು ಅವಳ ಮಂಚದವರೆಗೂ ಹಬ್ಬಿತು. ಡಾಕ್ಟರು ಅಲ್ಲಿ ಮಲಗಿಸಲೇಬೇಡಿ ಎಂದರು. ಈಗ ನಮ್ಮಿಬ್ಬರ ನಡುವೆ ಮಲಗಿ ಅಜ್ಜನಿಗೆ ಒದೆಯುತ್ತಾಳೆ.

ಫೋನಿನಲ್ಲಿ ಇದನ್ನು ಹೇಳಲಾಗದು, ನಿನ್ನ ಹೆಂಡತಿ ಪಕ್ಕದಲ್ಲೇ ಇರುತ್ತಾಳೆ. "ನಾನು ಬರೋವರೆಗೂ ಯಾರೂ ಏಜೆಂಟ್ ಹತ್ರ ಜಗಳ ತೆಗೀಬೇಡಿ, ಮನೆ ಖಾಲಿ ಮಾಡಿಸ್ತಾನೆ" ಎಂದು ನೀನು ಹೇಳಿ ಹೋಗಿದ್ದೆ. ನನ್ನ ಸೊಸೆ ಜಗಳ ತೆಗೆಯಲಿಲ್ಲ, ದೂರು ಬರೆದಳು. "ನಾಳೆ ಜನ ಕಳಿಸ್ತೀನಿ" ಎನ್ನುತ್ತಲೇ ಇದ್ದ ಆ ಬಾಡಿಗೆ ಏಜೆಂಟಿಗೆ ಫೋನ್ ಮಾಡುವುದನ್ನೇ ಬಿಟ್ಟು, ಗೋಡೆಯ ಫೋಟೊ, ಡಾಕ್ಟರ ಚೀಟಿ ಸೇರಿಸಿ ಅವನ ಕಚೇರಿಗೆ ಕಳಿಸಿದಳು. ಅವನು ಓಡಿಬಂದ. ನಿಮ್ಮಪ್ಪ ಗೊತ್ತಲ್ಲ, ಮನೆಗೆ ಬಂದವರ ಮುಖ ಮುರಿದವರಲ್ಲ. ಕೂರಿಸಿ, ಚಹಾ ಕೊಟ್ಟು, ಅವನು ಬೇಜಾರು ಮಾಡ್ಕೋಬೇಡಿ ಎಂದದ್ದಕ್ಕೆ "ಅಯ್ಯೋ, ಪರವಾಗಿಲ್ಲ ಬಿಡಿ" ಎಂದರು. ಮರುದಿನವೇ ಕಚೇರಿಯ ಉತ್ತರ ಬಂತು: ಮನೆಯ ಹಿರಿಯರೇ ಪರವಾಗಿಲ್ಲ ಎಂದಿರುವುದರಿಂದ ದೂರು ಮುಗಿದಿದೆ. ನನಗೆ ಮೈಯೆಲ್ಲ ಉರಿಯಿತು. ಇವರು ಮುಖ ಸಪ್ಪೆ ಮಾಡಿಕೊಂಡು, ಬಾಡಿಗೆ ಕೊಡುವುದನ್ನೇ ನಿಲ್ಲಿಸೋಣ ಎಂದರು.

ಅವಳು ಮಾವನನ್ನು ಒಂದು ಮಾತೂ ಅನ್ನಲಿಲ್ಲ. "ಬಾಡಿಗೆ ನಿಲ್ಲಿಸಿದ್ರೆ ತಪ್ಪು ನಮ್ದಾಗುತ್ತೆ ಮಾವ. ಅವ್ರ ಮೇಲೂ ಒಬ್ರು ಇರ್ತಾರೆ" ಎಂದಷ್ಟೇ ಹೇಳಿ, ಆ ಕಚೇರಿಯ ಮುಖ್ಯಸ್ಥರಿಗೆ ಬರೆದು, ಇದೇ ನಿಮ್ಮ ಕೊನೆಯ ಉತ್ತರವೇ ಎಂದು ಕೇಳಿದಳು. ಹೌದು ಎಂದು ಅವರಿಂದಲೇ ಬರೆಸಿಕೊಂಡಳು. ಏಜೆಂಟರ ಮೇಲಿನ ದೂರು ವಿಚಾರಿಸಲೆಂದೇ ಬೇರೊಂದು ಕಚೇರಿ ಇದೆಯಂತೆ. ಮೊದಲು ಏಜೆಂಟರನ್ನೇ ಕೇಳಿ ನೋಡದೆ ಹೋದರೆ ಅಲ್ಲಿ ಕಿವಿಗೊಡುವುದಿಲ್ಲವಂತೆ. ಆ ಕೊನೆಯ ಉತ್ತರವನ್ನೂ ಸೇರಿಸಿ ಎಲ್ಲವನ್ನೂ ಅಲ್ಲಿಗೆ ಕಳಿಸಿದಳು. ಅಲ್ಲಿಯವರು ಫೋನ್ ಮಾಡಿದಾಗ ನಿಮ್ಮಪ್ಪ ಪರವಾಗಿಲ್ಲ ಎಂದಿದ್ದ ಮಾತೂ ಎದ್ದಿತು. "ಮನೆಗೆ ಬಂದೋರಿಗೆ ಮಾವ ಹೇಳಿದ್ದು ಮರ್ಯಾದೆ ಮಾತು. ಅದರಿಂದ ಗೋಡೆ ಒಣಗಿಲ್ಲ" ಎಂದಳು, ದನಿ ಏರಿಸದೆ. ಈ ಮನೆಯಲ್ಲಿ ಮಾತಿನಮಲ್ಲಿ ನಾನೇ ಎಂದುಕೊಂಡಿದ್ದೆ. ನನಗೆ ಅವಳ ಬಗ್ಗೆ ತುಂಬ ಹೆಮ್ಮೆ, ಮಗನೇ. ತೀರ್ಪು ಇನ್ನೂ ಬರಬೇಕು.

ಊಟ, ನಿದ್ದೆ ನೋಡಿಕೋ. ನಿಮ್ಮಪ್ಪ ಕೇಳಿದೆನೆಂದು ಬರಿ ಎನ್ನುತ್ತಿದ್ದಾರೆ.

ನಿನ್ನ ದಾರಿ ಕಾಯುವ
ಅಮ್ಮ

ತಾ.ಕ.: ಲಕೋಟೆ ಅಂಟಿಸಬೇಕು ಎನ್ನುವಾಗ ತೀರ್ಪು ಬಂತು. ಗೋಡೆ ಸರಿಮಾಡಿಸಿ ಕ್ಷಮೆ ಕೇಳಬೇಕೆಂದು ಏಜೆಂಟಿಗೆ ಹೇಳಿದ್ದಾರೆ. ಅವಳಿಗೆ ಭಯವೇ ಇಲ್ಲ ಎಂದು ನಾನು ತಿಳಿದಿದ್ದೆ. ಈಗ ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆದು ಬಟ್ಟೆಗಳನ್ನು ಬೀರುವಿಗೆ ಜೋಡಿಸುತ್ತಿದ್ದಾಳೆ. ಮನೆ ಬಿಡಿಸಿಬಿಟ್ಟರೆ ಎಂದು, ಮೊದಲ ದೂರಿನ ದಿನವೇ ನಾಲ್ವರಿಗೂ ಒಂದೊಂದು ಜೊತೆ ಕಟ್ಟಿಟ್ಟಿದ್ದಳಂತೆ. ನಿಮ್ಮಪ್ಪನ ಹಳೆಯ ಕನ್ನಡಕವೂ ಅದರಲ್ಲಿತ್ತು. ಫೋನ್ ಮಾಡಿದಾಗ, "ನನ್ನ ಮಾತು ಯಾಕೆ ಮೀರಿದೆ" ಎಂದು ನೀನು ಅವಳನ್ನು ಕೇಳಬೇಡ.