ಇನ್ನೊಂದು ವರ್ಷಕ್ಕೆ

ಅಮ್ಮಾ,

ಬಾಡಿಗೆ ಕರಾರು ಈ ತಿಂಗಳು ಮುಗಿಯುತ್ತದೆಂದು ಇವತ್ತು ಬೆಳಿಗ್ಗೆ ಓನರ್ ಬಂದಿದ್ದರು. ನೀನು ತೀರಿಕೊಂಡ ಮೇಲೆ ಅವರು ಮನೆಯೊಳಗೆ ಬಂದದ್ದು ಇದೇ ಮೊದಲು.

"ಸ್ವಂತ ಮನೆ ನೋಡಿದ್ರಲ್ಲಮ್ಮ, ಅದೇನಾಯ್ತು? ಬೇಕಿದ್ರೆ ಆರೇ ತಿಂಗಳಿಗೆ ಬರೆಸೋಣ," ಎಂದರು.

ನಾವು ನೋಡಿದ್ದ ಆ ನೆಲಮಹಡಿಯ ಮನೆ ಇನ್ನೂ ಖಾಲಿಯೇ ಇದೆ. ಅವತ್ತು ನೀನು ಅದರ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು, "ಹತ್ತೋದಿಲ್ಲ, ಇಳಿಯೋದಿಲ್ಲ, ಬಿಸಿಲೂ ಬರುತ್ತೆ. ನನ್ನ ಮಂಡಿಗೆ ಇನ್ನೇನೇ ಬೇಕು?" ಎಂದು ನಕ್ಕಿದ್ದೆ. ಬೆಲೆ ಸ್ವಲ್ಪ ಇಳಿಯಲಿ ಎಂದು ಕಾದೆವು. ಈಗ ಇಳಿದಿದೆ. ಮೊನ್ನೆ ದಲ್ಲಾಳಿ ಫೋನ್ ಮಾಡಿದಾಗ ಒಬ್ಬಳೇ ಹೋಗಿ ನೋಡಿ ಬಂದೆ. ಬಿಸಿಲು ಹಾಗೆಯೇ ಬರುತ್ತದೆ. ಆದರೆ ಆ ಮನೆಗೆ ನಿನ್ನ ಪರಿಚಯ ಅರ್ಧ ಗಂಟೆಯದಷ್ಟೇ.

"ಒಂದು ವರ್ಷಕ್ಕೇ ಬರೆಸಿ," ಎಂದೆ.

ಅವರಿಗೆ ಖುಷಿಯಾಯಿತು. "ಹಾಗಾದ್ರೆ ಮೆಟ್ಟಿಲ ಪಕ್ಕದ ಗೋಡೆಗೆ ಬಣ್ಣ ಹೊಡೆಸ್ತೀನಿ. ಕೈಯ ಕಲೆ ಬಿದ್ದು ಗಲೀಜಾಗಿದೆ."

ನೀನು ಅಂಗೈ ಊರಿ ಊರಿ ಹತ್ತುತ್ತಿದ್ದ ಗೋಡೆ ಅದು.

"ಬೇಡ," ಎಂದೆ.

"ಖರ್ಚು ನಂದೇ ಕಣಮ್ಮ."

"ಗೊತ್ತು. ಆದ್ರೂ ಬೇಡ."

ಏಕೆಂದು ಕೇಳಲು ಬಾಯಿ ತೆರೆದವರು ಬಾಗಿಲಾಚೆ ಆ ಕಲೆಗಳತ್ತ ನೋಡಿದರು. ಹೋಗುವಾಗ ಆ ಗೋಡೆಗೆ ತೋಳೂ ತಾಗದಂತೆ ಪಕ್ಕಕ್ಕೆ ಸರಿದು, ನಿಧಾನವಾಗಿ ಮೆಟ್ಟಿಲಿಳಿದರು.