‘ಗಟ್ಟಿ ಜನ’ ಎಂದು ನೀವು ಹೊಗಳಿದ ನನ್ನ ತಂಗಿ

ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿ ಭಾಗ್ಯ ನಿಮ್ಮ ಆಸ್ಪತ್ರೆಯಲ್ಲಿ ಹೆತ್ತ ದಿನವೇ ಸತ್ತಳು. ಅತಿಯಾದ ರಕ್ತಸ್ರಾವದಿಂದ ಎಂದು ನಿಮ್ಮ ದಾಖಲೆ ಹೇಳುತ್ತದೆ. ನೀವು ಅವಳ ಬಗ್ಗೆ ಆಡಿದ ಒಂದು ಒಳ್ಳೆಯ ಮಾತಿನಿಂದ ಎಂದು ನಾನು ಹೇಳುತ್ತೇನೆ. ಇದನ್ನು ನಿಮ್ಮೆದುರೇ ಹೇಳಲೆಂದು ತಿಥಿ ಮುಗಿಸಿ ಬಂದಿದ್ದೆ. ನೀವು ಕಣ್ಣೀರು ಹಾಕಿದಿರಿ, ನಾನು ಮಾತು ನುಂಗಿಕೊಂಡು ಹಿಂತಿರುಗಿದೆ. ಆದ್ದರಿಂದ ಈಗ ಪತ್ರಿಕೆಯಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ. ನಿಮ್ಮ ಹೆಸರನ್ನಾಗಲಿ ತಾಲ್ಲೂಕಿನ ಹೆಸರನ್ನಾಗಲಿ ಬೇಕೆಂದೇ ಬರೆದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಹೆಚ್.ಡಿ.ಕೋಟೆ, ಎಲ್ಲಿ ಕುಳಿತು ಇದನ್ನು ಓದಿದರೂ ಇದು ನಮ್ಮೂರಿನದೇ ಇರಬಹುದೇ ಎಂದು ಓದುಗರು ಒಮ್ಮೆ ಯೋಚಿಸಿದರೆ ನಷ್ಟವೇನಿಲ್ಲ.

ಮೊದಲು ನಿಮ್ಮ ಒಳ್ಳೆಯತನಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ನೀವು ಲಂಚ ಮುಟ್ಟಿದವರಲ್ಲ. ಸಂಜೆಯಾದರೆ ಸ್ವಂತ ಕ್ಲಿನಿಕ್ಕಿನ ಬಾಗಿಲು ತೆರೆದವರಲ್ಲ. ಕಾಡಂಚಿನ ಹಾಡಿಗಳಲ್ಲಿ ಕಣ್ಣಿನ ಶಿಬಿರ ನಡೆಸಿದ್ದೀರಿ. ನಮ್ಮ ಶಾಲೆಯ ಮಕ್ಕಳ ಕಾಲಿಗೆ ಚಪ್ಪಲಿ ಕೊಡಿಸಿದ್ದೀರಿ. ಆ ದಿನ ನಿಮಗೆ ಹಾರ ಹಾಕಿ ಸ್ವಾಗತ ಭಾಷಣ ಮಾಡಿದವನು ನಾನೇ. ಲಂಚ ಕೇಳುವ ವೈದ್ಯರಿದ್ದರೆ ಎಲ್ಲಿಗೆ ದೂರು ಕೊಡಬೇಕೆಂದು ನಮಗೆ ಗೊತ್ತು. ಪ್ರೀತಿಯಿಂದ ತಲೆ ಸವರಿ ಮುಂದಿನ ಹಾಸಿಗೆಗೆ ನಡೆದುಬಿಡುವ ವೈದ್ಯರ ಮೇಲೆ ದೂರು ಕೊಡಲು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು, ತಾವೇ ತಿಳಿಸಿ.

ನಮ್ಮ ಹುಟ್ಟೂರು ವೀರನಹೊಸಹಳ್ಳಿಯ ಕಡೆ. ಅಪ್ಪ ತೀರಿಕೊಂಡಾಗ ಇಬ್ಬರಲ್ಲಿ ಒಬ್ಬರು ಮಾತ್ರ ಓದಬಹುದಾಗಿತ್ತು. ನಾನು ಟಿಸಿಎಚ್ ಮುಗಿಸಿ ಮೇಷ್ಟ್ರಾದೆ. ಭಾಗ್ಯ ಏಳನೇ ತರಗತಿಗೆ ಶಾಲೆ ಬಿಟ್ಟು, ಮುಂದೆ ಲಿಂಗರಾಜುವನ್ನು ಮದುವೆಯಾಗಿ ಹೊಗೆಸೊಪ್ಪಿನ ಕೆಲಸಕ್ಕೆ ಬಿದ್ದಳು. ಸೊಪ್ಪಿನ ಅಂಟು ಅವಳ ಬೆರಳುಗಳಲ್ಲಿ ಕಪ್ಪಗೆ ಕೂತಿರುತ್ತಿತ್ತು, ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ದಿನ ತುಂಬುವವರೆಗೂ, ಸೊಪ್ಪು ಬೇಯಿಸುವ ಬ್ಯಾರನ್ ಎದುರು ಕೂತು ಕಡ್ಡಿಗೆ ಎಲೆ ಕಟ್ಟಿದಳು. ನಡುವೆ ಒಮ್ಮೆ ತಲೆ ಸುತ್ತಿ ಅಲ್ಲೇ ಬಿದ್ದಿದ್ದಳು. ಎದ್ದು ಮುಖ ತೊಳೆದುಕೊಂಡು ಮತ್ತೆ ಕಟ್ಟಿದಳು. ದುಡಿಯುವವರು ಮೈಯಲ್ಲಿ ಕಸುವಿದೆ ಎಂದು ದುಡಿಯುವುದಿಲ್ಲ ಸ್ವಾಮಿ, ದುಡಿಯದೆ ವಿಧಿಯಿಲ್ಲ ಎಂದು ದುಡಿಯುತ್ತಾರೆ. ಇದನ್ನು ತಿಳಿಯಲು ವೈದ್ಯಶಾಸ್ತ್ರ ಓದಬೇಕೇ?

ಈ ವರ್ಷ, ಅಂದರೆ 1998ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ನಿಮ್ಮ ಹೆರಿಗೆ ವಾರ್ಡಿನಲ್ಲಿ ಅವಳಿಗೆ ಹೆಣ್ಣುಮಗು ಹುಟ್ಟಿತು. ಜೊತೆಗಿದ್ದವರು ಅವಳ ಅತ್ತೆ ಚಿಕ್ಕಬಸಮ್ಮ. ಮಗು ಚೆನ್ನಾಗಿತ್ತು, ತಾಯಿಯ ರಕ್ತ ನಿಲ್ಲಲಿಲ್ಲ. ಚಿಕ್ಕಬಸಮ್ಮ ನರ್ಸಮ್ಮನ ಬಳಿಗೆ ಹೋಗಿ, “ತಾಯಿ, ಬಟ್ಟೆ ಮೇಲೆ ಬಟ್ಟೆ ಆಕ್ತಾ ಇವ್ನಿ, ನಿಲ್ತಾನೇ ಇಲ್ಲ ಕಣವ್ವ. ಉಡುಗಿ ಕಣ್ಣೇ ಬುಡ್ತಿಲ್ಲ” ಎಂದರು. ನರ್ಸಮ್ಮನೂ ಕೆಟ್ಟವರಲ್ಲ. “ಹೆರಿಗೆ ಆದ್ಮೇಲೆ ಹೋಗುತ್ತೆ ಅಜ್ಜಿ, ನಿಮಗೆ ಗೊತ್ತಿಲ್ವಾ?” ಎಂದು ನಕ್ಕು ಕಾಫಿ ತರಿಸಿಕೊಟ್ಟರು. ಆಮೇಲೆ ತಾವು ರೌಂಡ್ಸಿಗೆ ಬಂದಿರಿ. ಆ ಹೆಂಗಸು ತಮಗೆ ಕೈಮುಗಿದು, “ಒಂದ್ಸಲ ಮುಟ್ ನೋಡ್ಬುಡಿ ಸಾಮಿ, ಕೈಕಾಲೆಲ್ಲಾ ತಣ್ಣಗವೆ” ಎಂದರು.

ತಾವು ಮುಟ್ಟಿದಿರಿ, ಭಾಗ್ಯಳ ತಲೆಯನ್ನು. ಸವರಿ ಹೇಳಿದಿರಿ: “ಗಾಬರಿ ಮಾಡ್ಕೋಬೇಡ ಅಜ್ಜಿ. ಇವಳು ಹೊಲದಲ್ಲಿ ದುಡಿದ ಹೆಣ್ಣುಮಗಳು. ನಮ್ಮ ಮನೆ ಹೆಂಗಸರ ಹಾಗಲ್ಲ, ನೀವೆಲ್ಲ ಗಟ್ಟಿ ಜನ. ನಾಳೆ ಎದ್ದು ಓಡಾಡ್ತಾಳೆ ನೋಡು.” ಈ ಮಾತನ್ನು ನಾನು ಕಟ್ಟಿ ಬರೆಯುತ್ತಿಲ್ಲ. ತಿಥಿಯ ನಂತರ ಬಂದಾಗ, ಹೀಗೆ ಹೇಳಿದ್ದು ಹೌದೇ ಎಂದಷ್ಟೇ ನಾನು ಕೇಳಿದ್ದಕ್ಕೆ ತಾವೂ ಅಲ್ಲಗಳೆಯಲಿಲ್ಲ. ಧೈರ್ಯ ತುಂಬಲು ಹಾಗೆ ಹೇಳಿದೆ ಎಂದಿರಿ. ಧೈರ್ಯ ಕೇಳಿದವರು ಯಾರು? ಕೈಕಾಲು ಮುಟ್ಟಿ ನೋಡಿ ಎಂದಷ್ಟೇ ಅವರು ಕೇಳಿದ್ದು.

ಪಕ್ಕದ ಹಾಸಿಗೆಯಲ್ಲಿ ಕಾಲೇಜಿನ ಉಪನ್ಯಾಸಕರೊಬ್ಬರ ಪತ್ನಿ ಇದ್ದರು, ಹಿಂದಿನ ದಿನ ಹೆತ್ತವರು. ಅವರಿಗೆ ತಲೆ ಸುತ್ತಿದಂತಾಯಿತು. ತಾವು ಓಡಿ ಬಂದಿರಿ, ರಕ್ತದೊತ್ತಡ ನೋಡಿದಿರಿ, ಡ್ರಿಪ್ ಹಾಕಿಸಿದಿರಿ. ಯಾವುದಕ್ಕೂ ಇರಲಿ ಎಂದು ಮೈಸೂರಿಗೆ ಕಳಿಸಿದಿರಿ, ಇದ್ದ ಒಂದೇ ಆಂಬುಲೆನ್ಸಿನಲ್ಲಿ. ಆಕೆ ಈಗ ಆರೋಗ್ಯವಾಗಿದ್ದಾರೆ, ಚೆನ್ನಾಗಿರಲಿ. ಅವರ ವಿಷಯದಲ್ಲಿ ತಾವು ಮಾಡಿದ್ದೆಲ್ಲವೂ ಸರಿಯೇ. ಅದರಲ್ಲಿ ಒಂದನ್ನಾದರೂ ಒಂದು ಮಾರು ಆಚೆಗಿನ ಹಾಸಿಗೆಗೆ ಮಾಡಬೇಕೆಂದು ತಮಗೆ ಏಕೆ ತೋಚಲಿಲ್ಲ?

ಮಧ್ಯಾಹ್ನ ಶಾಲೆಯಿಂದ ನಾನು ಬಂದೆ. ಭಾಗ್ಯಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. “ಬಂದ್ಯಾ ಅಣ್ಣ, ಮಗೀನ ನೋಡ್ದಾ?” ಎಂದಳು. ಆಮೇಲೆ, “ಚಳಿ ಆಯ್ತದೆ ಕಣಣ್ಣ” ಎಂದಳು. ಹೊರಗೆ ಸುಡುಬಿಸಿಲು. ನಾನು ತಮ್ಮ ಕೊಠಡಿಗೆ ನುಗ್ಗಿದೆ. ತಾವು ಎದ್ದು ನಿಂತು, “ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಏನು ಈ ಕಡೆ?” ಎಂದು ಕುರ್ಚಿ ಎಳೆದಿರಿ. ಅಲ್ಲಿ ಮಲಗಿರುವುದು ನನ್ನ ತಂಗಿ ಎಂದೆ. ತಾವು ನಿಜಕ್ಕೂ ಓಡಿದಿರಿ. ಬೆಳಗಿನಿಂದ ಚಿಕ್ಕಬಸಮ್ಮನ ಮಾತಿಗೆ ಆಗದ್ದು ನನ್ನ ಇಸ್ತ್ರಿ ಮಾಡಿದ ಅಂಗಿಗೆ ಒಂದೇ ಗಳಿಗೆಯಲ್ಲಿ ಆಯಿತು. ವರಾಂಡದಲ್ಲಿ ಓಡುತ್ತಲೇ ತಾವು ನನ್ನನ್ನು ಕೇಳಿದಿರಿ: “ಮೊದಲೇ ಹೇಳಬಾರದಿತ್ತೇ ಮೇಷ್ಟ್ರೇ, ನಿಮ್ಮ ತಂಗಿ ಅಂತ?”

ಈ ಪತ್ರ ಬರೆಯಿಸುತ್ತಿರುವುದು ಆ ಒಂದು ಪ್ರಶ್ನೆ. ಏನು ಹೇಳಬೇಕಿತ್ತು, ಯಾರು ಹೇಳಬೇಕಿತ್ತು? ಬೆಳಿಗ್ಗೆ ಆ ಹಾಸಿಗೆಯಲ್ಲಿದ್ದವಳು ಮೇಷ್ಟ್ರ ತಂಗಿಯಾಗಿರಲಿಲ್ಲ, ಬರಿಯ ಬಾಣಂತಿಯಾಗಿದ್ದಳು. ಬರಿಯ ಬಾಣಂತಿಯ ರಕ್ತ ಹರಿಯುವುದು ಕಾಣಿಸದು, ಮೇಷ್ಟ್ರ ತಂಗಿಯದು ಕಾಣಿಸುತ್ತದೆ ಎಂದು ತಾವು ಒಪ್ಪಿಕೊಂಡಂತಾಯಿತಲ್ಲವೇ? ಹಾಗೆ ಒಪ್ಪಿಕೊಂಡದ್ದು ಈ ಹೊತ್ತಿಗೂ ತಮ್ಮ ಅರಿವಿಗೆ ಬಂದಿಲ್ಲ ಎಂಬುದೇ ನನಗೆ ಭಯ ಹುಟ್ಟಿಸುತ್ತದೆ.

ತಾವು ಕೈಲಾದದ್ದೆಲ್ಲ ಮಾಡಿದಿರಿ, ಆದರೆ ಹೊತ್ತು ಮೀರಿತ್ತು. ಆಸ್ಪತ್ರೆಯಲ್ಲಿ ಕೊಡಲು ರಕ್ತವಿರಲಿಲ್ಲ, ಆಂಬುಲೆನ್ಸ್ ಮೈಸೂರಿನಲ್ಲಿತ್ತು. ಅಷ್ಟರಲ್ಲಿ ಬಂದು ಸೇರಿದ್ದ ಲಿಂಗರಾಜು ಸಂತೆಬೀದಿಗೆ ಓಡಿ, ತರಕಾರಿ ಇಳಿಸುತ್ತಿದ್ದ ಒಂದು ಮೆಟಡೋರ್ ಹಿಡಿದು ತಂದ. ಕೊತ್ತಂಬರಿ ಕಂತೆಗಳ ಪಕ್ಕದಲ್ಲಿ ಅವಳನ್ನು ಮಲಗಿಸಿದೆವು. ತಾವೂ ಹತ್ತಿ ಕುಳಿತು ಡ್ರಿಪ್ ಬಾಟಲಿಯನ್ನು ಎತ್ತಿ ಹಿಡಿದಿದ್ದಿರಿ. ಮೈಸೂರು ತಲುಪುವ ಮೊದಲೇ ಬಾಟಲಿಯನ್ನು ಕೆಳಗಿಳಿಸಿದಿರಿ. ವ್ಯಾನ್ ತಿರುಗಿಸಲು ಡ್ರೈವರನಿಗೆ ಹೇಳಿದವನು ಲಿಂಗರಾಜುವೇ.

ತಿಥಿಯ ನಂತರ ನಾನು ಬಂದಾಗ “ನನ್ನ ಮಗಳಂತೆಯೇ ನೋಡಿಕೊಂಡೆ ಮೇಷ್ಟ್ರೇ” ಎಂದು ತಾವು ಅತ್ತಿರಿ. ಆ ಕಣ್ಣೀರು ಸುಳ್ಳೆಂದು ನಾನು ಹೇಳಲಾರೆ. ಆದರೆ ತಮ್ಮ ಮಗಳು ಹೆತ್ತು ಮಲಗಿ, ಕೈಕಾಲು ತಣ್ಣಗಾಗಿದೆ ಎಂದು ಯಾರಾದರೂ ಹೇಳಿದ್ದರೆ, ಅವಳ ತೋಳಿನ ಬಲವನ್ನು ಹೊಗಳಿ ಹೊರಟುಬಿಡುತ್ತಿದ್ದಿರಾ?

ತಮ್ಮ ವರ್ಗಾವಣೆಯಾಗಲಿ ಅಮಾನತಾಗಲಿ ನನಗೆ ಬೇಡ. ತಮ್ಮಂಥ ಒಳ್ಳೆಯವರು ಹೋದ ಜಾಗಕ್ಕೆ ಇನ್ನೊಬ್ಬರು ಒಳ್ಳೆಯವರೇ ಬರುತ್ತಾರೆ, ಇದೇ ಮಾತು ಆಡುತ್ತಾರೆ. ಆ ವಾರ್ಡಿನಲ್ಲಿ ಹೆತ್ತ ಪ್ರತಿಯೊಬ್ಬಳ ನಾಡಿಯನ್ನೂ ರಕ್ತದೊತ್ತಡವನ್ನೂ, ಅವಳು ಯಾರ ಮಗಳು, ಯಾರ ಹೆಂಡತಿ ಎಂದು ವಿಚಾರಿಸುವ ಮೊದಲೇ ನೋಡಬೇಕೆಂದು ತಾವು ಆದೇಶ ಹೊರಡಿಸಬೇಕು. ಇದು ಎಲ್ಲರ ಪರವಾಗಿ ಕೇಳುವುದು.

ಇನ್ನೊಂದು ನಮ್ಮ ಮನೆಯ ಪರವಾಗಿ. ಚಿಕ್ಕಬಸಮ್ಮ ಮಗುವನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಾರೆ. ಬಂದವರಿಗೆಲ್ಲ ಒಂದೇ ಮಾತು: “ನಾನು ಬಾಯ್ ಬಡ್ಕೊಂಡಿದ್ರೆ ಬದುಕ್ತಿತ್ತೇನೋ. ದೊಡ್ಡೋರು ಅಂತ ಮೆತ್ತುಗೆ ಏಳ್ದೆ. ನಾನೇ ಕಳ್ದುಬುಟ್ಟೆ.” ನಾನು ಎಷ್ಟು ಸಮಾಧಾನ ಹೇಳಿದರೂ ಅವರು ನಂಬುತ್ತಿಲ್ಲ. ತಾವು ಹೇಳಿದರೆ ನಂಬುತ್ತಾರೆ. ದಯಮಾಡಿ ಒಮ್ಮೆ ಬಂದು ಆ ಜಗಲಿಯಲ್ಲಿ ಅವರ ಪಕ್ಕ ಕುಳಿತು, “ನೀವು ಹೇಳಿದ್ದು ಸರಿಯಾಗಿತ್ತು, ಕೇಳುವಷ್ಟು ಜೋರಾಗಿಯೇ ಇತ್ತು, ನಾನು ಕೇಳಿಸಿಕೊಳ್ಳಲಿಲ್ಲ” ಎಂದು ಅವರಿಗೆ ಹೇಳಿ.

ಇಂತಿ,
ತಂಗಿಯ ಮಗಳಿಗೆ ಇನ್ನೂ ಹೆಸರಿಡಲಾಗದ ಸೋದರಮಾವ,
ನಟರಾಜು
ಪ್ರಾಥಮಿಕ ಶಾಲಾ ಶಿಕ್ಷಕ